ಬಿರುಗಾಳಿಯ ವಿಡಿಯೊ ತೆಗೆಯೋಕೆ ಯಾವ ಕ್ಯಾಮೆರಾ?

2024ರಲ್ಲಿ ‘ಟ್ವಿಸ್ಟರ್ಸ್’ ಸಿನಿಮಾ ಬಂದ ಮೇಲೆ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. “ಅಂಕಲ್, ಟೊರ್ನೇಡೊ ವಿಡಿಯೊ ತೆಗೆಯೋಕೆ ಯಾವ ಕ್ಯಾಮೆರಾ ತಗೋಬೇಕು? ಜಾಸ್ತಿ ದುಡ್ಡಿನದು ಹೇಳಬೇಡಿ, ಅಪ್ಪ ಕೊಡಿಸಲ್ಲ.” ಡ್ಯಾಲಸ್ ಸುತ್ತಮುತ್ತ ಬೆಳೆಯೋ ಮಕ್ಕಳು ಈ ಪ್ರಶ್ನೆ ಕೇಳದೆ ಇದ್ದರೇ ಆಶ್ಚರ್ಯ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಪರೀಕ್ಷೆ ಕೇಳಿಕೊಂಡೇ ಬೆಳೆದವರು ನೀವು. ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ. ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಲಿ, ದುಡ್ಡು ಕೊಡೋರು ಅವರೇ ತಾನೆ.

ಮೊದಲು ಒಂದು ಮಾತು. ಟೊರ್ನೇಡೊಗೆ ನಾವು ಸುಂಟರಗಾಳಿ ಅಂತೀವಿ. ಆದರೆ ಊರಲ್ಲಿ ಅಜ್ಜಿ ಸುಂಟರಗಾಳಿ ಅಂದಾಗ ಅವರ ಕಣ್ಮುಂದೆ ಬರೋದು ಬೇಸಿಗೆಯಲ್ಲಿ ಬಯಲಿನಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಗಿರಗಿರ ಸುತ್ತುವ ಗಾಳಿ. ಅದು ಕಾದ ನೆಲದಿಂದ ಮೇಲೇಳುತ್ತೆ, ಅದಕ್ಕೆ ಮೋಡ ಬೇಕಿಲ್ಲ. ಟೆಕ್ಸಸ್‌ನದು ಗುಡುಗಿನ ಮೋಡದ ಬುಡದಿಂದ ಕೆಳಗೆ ಇಳಿಯುತ್ತೆ. ಚಂಡಮಾರುತ ಇವೆರಡೂ ಅಲ್ಲ, ಅದು ಸಮುದ್ರದಿಂದ ಬರೋದು. ಕನ್ನಡ ಪರೀಕ್ಷೆಯಲ್ಲಿ ಬೆರೆಸಿಬಿಡಬೇಡಿ.

ಈಗ ಕ್ಯಾಮೆರಾ. ಅಂಗಡಿಯವರು ನಿಮಗೆ 4ಕೆ, 48 ಮೆಗಾಪಿಕ್ಸೆಲ್, ಸಾವಿರ ಪಟ್ಟು ಜೂಮ್ ಅಂತೆಲ್ಲ ತೋರಿಸುತ್ತಾರೆ. ಬಿರುಗಾಳಿಗೆ ಬೇಕಾಗೋದು ಬೇರೆ ಮೂರು ಗುಣ: ಮಬ್ಬು ಬೆಳಕಿನಲ್ಲಿ ಕಾಣಬೇಕು, ದೂರದಿಂದ ಕಾಣಬೇಕು, ಅಲುಗದೆ ನಿಲ್ಲಬೇಕು. ಕೊನೆಯದು ಕ್ಯಾಮೆರಾದ ಗುಣವೇ ಅಲ್ಲ, ಟ್ರೈಪಾಡ್‌ನದು. ಆದರೂ ಅದನ್ನೇ ಮೊದಲು ಹೇಳ್ತೀನಿ, ಯಾಕಂದರೆ ಅದರ ಹಿಂದೆ ನಮ್ಮ ಊರಿನದೇ ಒಂದು ಕಥೆ ಇದೆ.

1957ರ ಏಪ್ರಿಲ್ 2ರಂದು ಸಂಜೆ ಹೊತ್ತಿಗೆ ಡ್ಯಾಲಸ್ ನಗರದೊಳಗೇ ಒಂದು ಸುಂಟರಗಾಳಿ ನುಗ್ಗಿತು. ಹತ್ತು ಜನ ಸತ್ತರು. ಹಗಲು ಹೊತ್ತು, ಎಲ್ಲರಿಗೂ ಕಾಣುವಂತೆ ಹೋದದ್ದರಿಂದ ಬೇರೆ ಬೇರೆ ಕಡೆಯಿಂದ ಜನ ಅದನ್ನು ಫಿಲ್ಮ್ ಕ್ಯಾಮೆರಾಗಳಲ್ಲಿ ಹಿಡಿದರು. ಅಮೆರಿಕದ ಹವಾಮಾನ ಇಲಾಖೆಯಲ್ಲಿದ್ದ ವಾಲ್ಟರ್ ಹೋಕರ್ ಆ ಚಿತ್ರಗಳನ್ನು ಇಟ್ಟುಕೊಂಡು, ಗಾಳಿಯಲ್ಲಿ ಸುತ್ತುತ್ತಿದ್ದ ಚೂರುಗಳು ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಎಷ್ಟು ಸರಿದವು ಅಂತ ಅಳೆದರು. ಅದರಿಂದ ಗಾಳಿಯ ವೇಗ ಗಂಟೆಗೆ ಸುಮಾರು 170 ಮೈಲಿ ಅಂತ ಲೆಕ್ಕ ಸಿಕ್ಕಿತು. ಅದೇ ವರ್ಷ ಜೂನ್‌ನಲ್ಲಿ ನಾರ್ತ್ ಡಕೋಟದ ಫಾರ್ಗೊ ಊರಿಗೆ ಸುಂಟರಗಾಳಿ ಬಡಿದಾಗ, ಷಿಕಾಗೊ ವಿಶ್ವವಿದ್ಯಾಲಯದ ಟೆಡ್ ಫುಜಿಟಾ ಊರವರು ತೆಗೆದ ಫೋಟೊಗಳನ್ನು ಒಟ್ಟುಗೂಡಿಸಿ ಅಭ್ಯಾಸ ಮಾಡಿದರು. ಇವತ್ತು ಟಿವಿಯವರು ಹೇಳುವ ‘ವಾಲ್ ಕ್ಲೌಡ್’ ಅನ್ನೋ ಹೆಸರು ಆ ಕೆಲಸದಿಂದ ಬಂದದ್ದು. ಇಎಫ್ 2, ಇಎಫ್ 3 ಅಂತ ಕೇಳ್ತೀರಲ್ಲ, ಅದರಲ್ಲಿರುವ ‘ಎಫ್’ ಅಂದರೆ ಫುಜಿಟಾ.

ಆ ಲೆಕ್ಕವನ್ನು ನೀವೂ ಮಾಡಬಹುದು. ನಿಮ್ಮ ವಿಡಿಯೊ ಸೆಕೆಂಡಿಗೆ 30 ಫ್ರೇಮ್. ಒಂದು ಹಲಗೆ ಒಂದು ಫ್ರೇಮ್‌ನಿಂದ ಮುಂದಿನ ಫ್ರೇಮ್‌ಗೆ 2 ಮೀಟರ್ ಸರಿದರೆ ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 216 ಕಿಲೋಮೀಟರ್. ಆದರೆ ಕ್ಯಾಮೆರಾನೇ ಅಲುಗಾಡ್ತಾ ಇದ್ದರೆ ಸರಿದದ್ದು ಹಲಗೆಯೋ ನಿಮ್ಮ ಕೈಯೋ ಹೇಗೆ ಗೊತ್ತಾಗುತ್ತೆ? ಅದಕ್ಕೇ ಟ್ರೈಪಾಡ್ ಬೇಕು. ಚೌಕಟ್ಟಿನ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕೋ ಕರೆಂಟು ಕಂಬವೋ, ಜಾಗ ಬಿಟ್ಟು ಕದಲದ ಏನಾದರೊಂದು ಇರಲಿ. ನಿಮ್ಮ ಬಜೆಟ್ 300 ಡಾಲರ್ ಆದರೆ ಅದರಲ್ಲಿ 50 ಡಾಲರ್ ಟ್ರೈಪಾಡ್‌ಗೆ ತೆಗೆದಿಡಿ. ಪೆನ್ಸಿಲ್ ದಪ್ಪದ ಕಾಲಿನದು ಬೇಡ, ಗಾಳಿಗೆ ಮಗುಚಿ ಬೀಳುತ್ತೆ. ನಡುವಿನ ಕೊಕ್ಕೆಗೆ ಶಾಲೆಯ ಬ್ಯಾಗ್ ನೇತುಹಾಕಿದರೆ ಇನ್ನೂ ಗಟ್ಟಿ. ಟ್ರೈಪಾಡ್ ಮೇಲೆ ಇಟ್ಟಾಗ ಕ್ಯಾಮೆರಾದ ಸ್ಟೆಬಿಲೈಸೇಶನ್ ಆಫ್ ಮಾಡಿ ನೋಡಿ. ಇಲ್ಲದ ಅಲುಗಾಟ ಹುಡುಕಿಕೊಂಡು ಹೋಗಿ ಚಿತ್ರವನ್ನು ತಾನೇ ಜಾರಿಸೋ ಕ್ಯಾಮೆರಾಗಳಿವೆ.

ಇನ್ನು ಬೆಳಕು. ಬಿರುಗಾಳಿ ಬರೋ ಹೊತ್ತಿಗೆ ಮಧ್ಯಾಹ್ನ ನಾಲ್ಕಕ್ಕೇ ಸಂಜೆ ಏಳರ ಹಾಗೆ ಕತ್ತಲಾಗುತ್ತೆ. ಆಗ ಲೆಕ್ಕಕ್ಕೆ ಬರೋದು ಮೆಗಾಪಿಕ್ಸೆಲ್ ಅಲ್ಲ, ಸೆನ್ಸರ್ ಎಷ್ಟು ಅಗಲ ಅನ್ನೋದು. ಮಳೆನೀರು ಹಿಡಿಯೋಕೆ ಅಂಗಳದಲ್ಲಿ ಲೋಟ ಇಟ್ಟರೆ ಎಷ್ಟು ಸಿಗುತ್ತೆ, ಕೊಳಗ ಇಟ್ಟರೆ ಎಷ್ಟು ಸಿಗುತ್ತೆ? ಬೆಳಕೂ ಹಾಗೇ. ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರೋ 1/2.3 ಇಂಚಿನ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. ‘ಒಂದು ಇಂಚಿನ’ ಸೆನ್ಸರ್ ಸುಮಾರು 116 ಚದರ ಮಿಲಿಮೀಟರ್, ನಾಲ್ಕು ಪಟ್ಟು. (ಸ್ಕೇಲ್ ಇಟ್ಟು ಅಳೆದರೆ ಅದು ಎಲ್ಲೂ ಒಂದು ಇಂಚು ಇಲ್ಲ. 13.2 ಮಿಲಿಮೀಟರ್ ಅಗಲ, 8.8 ಎತ್ತರ ಅಷ್ಟೆ. ಹಳೇ ಟಿವಿ ಕ್ಯಾಮೆರಾದ ಗಾಜಿನ ಟ್ಯೂಬಿನ ಹೊರಗಿನ ಅಳತೆ ಹೆಸರಾಗಿ ಉಳಿದುಕೊಂಡಿದೆ. ನಮ್ಮ ಸಾಫ್ಟ್‌ವೇರ್‌ನಲ್ಲೂ ಇಂಥ ಹಳೇ ಹೆಸರುಗಳು ಬೇಕಾದಷ್ಟಿವೆ.) ಚಿಕ್ಕ ಸೆನ್ಸರ್ ಕತ್ತಲಲ್ಲಿ ತೆಗೆದ ವಿಡಿಯೊ ನೋಡಿ, ಮೋಡದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ಬೂದು ಮೋಡದ ಮುಂದೆ ಬೂದು ಸುಳಿ, ಅದರ ಮೇಲೆ ರವೆ. ಏನೂ ಕಾಣಲ್ಲ.

ಆನ್‌ಲೈನ್‌ನಲ್ಲಿ ನೂರು ಡಾಲರಿಗೆ ಸಿಗೋ, ಹೆಸರು ಕೇಳಿರದ ಕಂಪನಿಯ ‘4ಕೆ 48 ಮೆಗಾಪಿಕ್ಸೆಲ್’ ಕ್ಯಾಮ್‌ಕಾರ್ಡರ್‌ಗಳಿಂದ ದೂರ ಇರಿ. ಒಳಗಿರೋದು ಪುಟ್ಟ ಸೆನ್ಸರ್. ಅದರ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ ಡಬ್ಬದ ಮೇಲೆ ದೊಡ್ಡ ಅಂಕಿ ಬರೆಯುತ್ತಾರೆ. ಈಚಿನ ಒಳ್ಳೆಯ ಫೋನಿನ ಮುಖ್ಯ ಲೆನ್ಸಿನ ಸೆನ್ಸರ್ ಅದಕ್ಕಿಂತ ದೊಡ್ಡದಿರುತ್ತೆ. ಹಾಗಾಗಿ ಪಾಲಕರಿಗೆ ನೇರವಾಗಿ ಹೇಳ್ತೀನಿ: ಮೊದಲ ವರ್ಷ ಕ್ಯಾಮೆರಾ ಕೊಡಿಸಬೇಡಿ. ನಿಮ್ಮ ಹಳೇ ಫೋನ್, ಫೋನ್ ಹಿಡಿಯೋ ಕ್ಲಿಪ್, ಗಟ್ಟಿ ಟ್ರೈಪಾಡ್ ಕೊಡಿ. ಒಂದು ವಸಂತ ಪೂರ್ತಿ ಆಸಕ್ತಿ ಉಳಿದರೆ ಮುಂದಿನ ಮಾತು.

ಫೋನ್ ಸೋಲೋದು ಜೂಮ್‌ನಲ್ಲಿ. ಜೂಮ್ ಎರಡು ಥರ. ಆಪ್ಟಿಕಲ್ ಜೂಮ್‌ನಲ್ಲಿ ಗಾಜು ಚಲಿಸಿ ದೂರದ್ದನ್ನು ನಿಜವಾಗಿ ದೊಡ್ಡದು ಮಾಡುತ್ತೆ. ಡಿಜಿಟಲ್ ಜೂಮ್ ಚಿತ್ರದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುತ್ತೆ, ಅದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲೂ ಮಾಡಬಹುದು. ಡಬ್ಬದ ಮೇಲೆ ಆಪ್ಟಿಕಲ್ ಎಷ್ಟು ಅಂತ ಮಾತ್ರ ನೋಡಿ.

ಎಷ್ಟು ಜೂಮ್ ಸಾಕು? ಲೆನ್ಸಿನ ಅಳತೆಯನ್ನು ‘35 ಎಂಎಂ ಸಮಾನ’ ಅಂತ ಕೊಟ್ಟಿರುತ್ತಾರೆ. 36ನ್ನು ಆ ಅಂಕಿಯಿಂದ ಭಾಗಿಸಿ, ದೂರದಿಂದ ಗುಣಿಸಿ. ಅಷ್ಟು ಅಗಲ ಚೌಕಟ್ಟಿನಲ್ಲಿ ಹಿಡಿಸುತ್ತೆ. 10 ಕಿಲೋಮೀಟರ್ ದೂರದ ಸುಳಿ, 400 ಎಂಎಂ ಲೆನ್ಸ್: 36/400 × 10,000 ಮೀಟರ್, ಅಂದರೆ 900 ಮೀಟರ್. 200 ಮೀಟರ್ ಅಗಲದ ಸುಳಿ ಚೌಕಟ್ಟಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬುತ್ತೆ, ಸಾಕಲ್ಲವೇ? ಅದೇ ದೂರಕ್ಕೆ 25 ಎಂಎಂ ಇಟ್ಟರೆ 14.4 ಕಿಲೋಮೀಟರ್ ಹಿಡಿಸುತ್ತೆ. ನನ್ನ ಪ್ರಕಾರ ಹೆಚ್ಚು ಬೇಕಾಗೋದು ಈ ಅಗಲವೇ, ಯಾಕಂದರೆ ಬಿರುಗಾಳಿ ಅಂದರೆ ಬರೀ ಸುಳಿಯಲ್ಲ, ಹತ್ತಾರು ಕಿಲೋಮೀಟರ್ ಹರಡಿದ ಮೋಡ. ಅದು ತಿರುಗೋದು ಕಾಣೋದೂ ಅಗಲದಲ್ಲೇ.

25ರಿಂದ 400 ಎಂಎಂ, ಒಂದು ಇಂಚಿನ ಸೆನ್ಸರ್ ಎರಡೂ ಒಂದೇ ಕ್ಯಾಮೆರಾದಲ್ಲಿ ಸಿಗುತ್ತಾ? ಸಿಗುತ್ತೆ. ‘ಬ್ರಿಜ್ ಕ್ಯಾಮೆರಾ’ ಅಂತಾರೆ, ಲೆನ್ಸ್ ಬಿಚ್ಚೋಕೆ ಬರಲ್ಲ. 2014ರಲ್ಲಿ ಬಂದ ಪ್ಯಾನಸೋನಿಕ್ ಎಫ್‌ಝಡ್1000 ಇದೇ ಥರದ್ದು, 4ಕೆ ತೆಗೆಯುತ್ತೆ, ಹೊರಗಿನ ಮೈಕ್ ಹಾಕೋ ತೂತೂ ಇದೆ. ಹತ್ತು ವರ್ಷ ದಾಟಿದ್ದರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಹೊಸದರ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತೆ. ಮೋಡಕ್ಕೆ ಹೊಸ ಮಾಡೆಲ್ಲೇ ಬೇಕು ಅಂತೇನಿಲ್ಲ. ಕೊಳ್ಳುವಾಗ ಜೂಮ್ ಪೂರ್ತಿ ಮುಂದೆ ಹಿಂದೆ ಓಡಿಸಿ, ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ, ವಾಪಸ್ ತಗೊಳ್ಳೋ ಅಂಗಡಿಯಲ್ಲೇ ಕೊಳ್ಳಿ. ಇದೇ ಕ್ಯಾಮೆರಾ ನವೆಂಬರಿನಲ್ಲಿ ರಾಜ್ಯೋತ್ಸವದ ಕತ್ತಲೆ ಹಾಲಿನ ಕೊನೇ ಸಾಲಿನಿಂದ ನಿಮ್ಮ ಕೋಲಾಟವನ್ನೂ ಹಿಡಿಯುತ್ತೆ. ಅಮ್ಮನನ್ನು ಒಪ್ಪಿಸೋಕೆ ಈ ಕಾರಣ ಇಟ್ಟುಕೊಳ್ಳಿ.

ಹೆಲ್ಮೆಟ್ಟಿಗೆ ಕಟ್ಟೋ ಆ್ಯಕ್ಷನ್ ಕ್ಯಾಮೆರಾ ಇದಕ್ಕೆ ಬೇಡ. ಅದರ ಕಣ್ಣು ಎಷ್ಟು ಅಗಲ ಅಂದರೆ ದೊಡ್ಡ ಸುಳಿಯೂ ಸಾಸಿವೆ ಕಾಳಿನ ಹಾಗೆ ಕಾಣುತ್ತೆ.

ಕ್ಯಾಮೆರಾ ಯಾವುದೇ ಇರಲಿ, ಕೈಯಿಂದ ಫೋಕಸ್ ಮಾಡೋಕೆ ಬರಬೇಕು. ನಯವಾದ ಬೂದು ಮೋಡದಲ್ಲಿ ಹಿಡಿದುಕೊಳ್ಳೋಕೆ ಗೆರೆಯೇ ಇಲ್ಲದೆ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತೆ, ಕೊನೆಗೆ ಕಿಟಕಿ ಗಾಜಿನ ಮೇಲಿನ ಮಳೆಹನಿ ಸಿಕ್ಕಿದರೆ ಅದನ್ನೇ ಹಿಡಿದುಕೊಂಡು ಕೂರುತ್ತೆ. ದೂರದ ಕಂಬಕ್ಕೆ ಫೋಕಸ್ ಮಾಡಿ ಲಾಕ್ ಮಾಡಿಬಿಡಿ. ಎಕ್ಸ್‌ಪೋಷರ್ ಕೂಡ ಲಾಕ್ ಆಗಲಿ, ಇಲ್ಲದಿದ್ದರೆ ಒಂದೊಂದು ಮಿಂಚಿಗೂ ಚಿತ್ರ ಕಪ್ಪಾಗಿ ಬೆಳ್ಳಗಾಗಿ ಕಣ್ಣು ಮಿಟುಕಿಸುತ್ತೆ. ವೈಟ್ ಬ್ಯಾಲೆನ್ಸ್ ‘ಬಿಸಿಲು’ ಗುರುತಿನಲ್ಲಿರಲಿ. ಆಲಿಕಲ್ಲು ಮಳೆಗೆ ಮುಂಚೆ ಆಕಾಶ ಒಮ್ಮೊಮ್ಮೆ ಹಸಿರಾಗುತ್ತಲ್ಲ, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಅದನ್ನು ತಪ್ಪು ಅಂದುಕೊಂಡು ತಿದ್ದಿಬಿಡುತ್ತೆ.

ಮಿಂಚಿನ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಂದು ತಮಾಷೆ ಕಾಣುತ್ತೆ: ಮೇಲಿನ ಅರ್ಧ ಕತ್ತಲು, ಕೆಳಗಿನ ಅರ್ಧ ಬೆಳ್ಳಗೆ, ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಗೆರೆ. ಕ್ಯಾಮೆರಾ ಕೆಟ್ಟಿಲ್ಲ. ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದಲ್ಲ, ನೀವು ಪುಸ್ತಕ ಓದುವ ಹಾಗೆ ಸಾಲು ಸಾಲಾಗಿ ಮೇಲಿಂದ ಕೆಳಗೆ ಓದುತ್ತೆ. ಅರ್ಧ ಪುಟ ಓದಿಯಾದ ಮೇಲೆ ಮಿಂಚು ಬಂದರೆ ಉಳಿದ ಸಾಲುಗಳಿಗೆ ಮಾತ್ರ ಬೆಳಕು. ಇದಕ್ಕೆ ‘ರೋಲಿಂಗ್ ಶಟರ್’ ಅಂತ ಹೆಸರು. ಎಲ್ಲ ಸಾಲನ್ನೂ ಒಟ್ಟಿಗೆ ಹಿಡಿಯೋ ಕ್ಯಾಮೆರಾಗಳಿವೆ, ನಮ್ಮ ಬಜೆಟ್ಟಿಗೆ ಅಲ್ಲ.

ಮೆಮೊರಿ ಕಾರ್ಡಿನ ಲೆಕ್ಕ ಬೇಗ ಮುಗಿಸ್ತೀನಿ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಅಂದರೆ 8ರಿಂದ ಭಾಗಿಸಿ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್. ‘ವಿ30’ ಅಂತ ಬರೆದ 64 ಗಿಗಾಬೈಟ್ ಕಾರ್ಡ್ ಒಂದು ಸಂಜೆಗೆ ಸಾಕು. 29 ನಿಮಿಷ 59 ಸೆಕೆಂಡಿಗೆ ತಾನೇ ನಿಂತುಹೋಗೋ ಫೋಟೊ ಕ್ಯಾಮೆರಾಗಳಿವೆ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ಅದನ್ನು ವಿಡಿಯೊ ಕ್ಯಾಮೆರಾ ಅಂತ ಹಿಡಿದು ಸುಂಕ ಹಾಕುತ್ತಿದ್ದರು, ಅದಕ್ಕೆ ಕಂಪನಿಗಳು ಮಾಡಿಕೊಂಡ ಉಪಾಯ ಅದು. ಮೈಕಿಗೆ ಕೂದಲಿನ ಟೋಪಿ ಹಾಕಿದರೆ ಗಾಳಿಯ ಬುಸ್ ಬುಸ್ ಸದ್ದು ಕಮ್ಮಿಯಾಗಿ ಗುಡುಗು ಕೇಳುತ್ತೆ. ತುಂತುರಿಗೆ ಹೋಟೆಲಿನ ಶವರ್ ಕ್ಯಾಪ್ ಸಾಕು.

ಇನ್ನು ಎಷ್ಟು ದೂರ ಅನ್ನೋದು. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ ಬೆಳೆದು ಬೆಳೆದು 2.6 ಮೈಲಿ ಅಗಲವಾಯಿತು. ಅಷ್ಟು ಅಗಲದ್ದು ಅದಕ್ಕೆ ಮುಂಚೆ ದಾಖಲಾಗಿರಲಿಲ್ಲ. ಟಿಮ್ ಸಮರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದರಲ್ಲಿ ತೀರಿಕೊಂಡರು. ಇವರು ಹುಡುಗಾಟಕ್ಕೆ ಹೋದವರಲ್ಲ. 2003ರಲ್ಲಿ ಸೌತ್ ಡಕೋಟದಲ್ಲಿ ಸುಂಟರಗಾಳಿಯ ದಾರಿಯಲ್ಲಿ ಉಪಕರಣ ಇಟ್ಟು ಅದರೊಳಗಿನ ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದದ್ದನ್ನು ಅಳೆದವರು ಸಮರಾಸ್. ಜಾಗ್ರತೆಗೆ ಹೆಸರಾದವರು. ಆದ್ದರಿಂದ ಮಕ್ಕಳೇ, ಬಿರುಗಾಳಿಯ ಹಿಂದೆ ಕಾರಿನಲ್ಲಿ ಹೋಗೋ ಮಾತು ನಿಮಗೆ ಈಗಿಲ್ಲ, ಡ್ರೈವ್ ಮಾಡೋಕೆ ಅಣ್ಣನೋ ಅಕ್ಕನೋ ಸಿಕ್ಕರೂ ಇಲ್ಲ. ಜೂಮ್‌ಗೆ ದುಡ್ಡು ಕೊಟ್ಟಿರೋದೇ ಹತ್ತಿರ ಹೋಗದೆ ಇರೋಕೆ.

ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತ ಅರ್ಥ. ಟ್ರೈಪಾಡ್ ಬಿಟ್ಟು ಒಳಗೆ ಬನ್ನಿ. ವರಾಂಡಾ ‘ಒಳಗೆ’ ಅಲ್ಲ. ಫೋನಿನಲ್ಲಿ ‘ವಾಚ್’ ಬಂದರೆ ಸುಂಟರಗಾಳಿ ಏಳೋ ಸಾಧ್ಯತೆ ಇದೆ ಅಂತ, ‘ವಾರ್ನಿಂಗ್’ ಬಂದರೆ ಅದು ಕಣ್ಣಿಗೋ ರಾಡಾರಿಗೋ ಸಿಕ್ಕಿದೆ ಅಂತ. ವಾರ್ನಿಂಗ್ ಬಂದ ಮೇಲೆ ಕ್ಯಾಮೆರಾ ಮುಟ್ಟೋದೇ ಬೇಡ. ಕೆಳಗಿನ ಮಹಡಿಯ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ. ರಾತ್ರಿಯಂತೂ ಯಾವ ಕ್ಯಾಮೆರಾನೂ ಪ್ರಯೋಜನಕ್ಕಿಲ್ಲ. 2019ರ ಅಕ್ಟೋಬರ್ 20ರಂದು ಉತ್ತರ ಡ್ಯಾಲಸ್‌ಗೆ ಬಡಿದ ಇಎಫ್ 3 ಬಂದದ್ದು ರಾತ್ರಿ ಒಂಬತ್ತರ ಹೊತ್ತಿಗೆ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ದೊಡ್ಡವರು ಮಕ್ಕಳ ಜೊತೆ ‘ಸ್ಕೈವಾರ್ನ್’ ತರಬೇತಿಗೆ ಹೋಗಬಹುದು. ರಾಷ್ಟ್ರೀಯ ಹವಾಮಾನ ಸೇವೆಯವರು ಉಚಿತವಾಗಿ ನಡೆಸುತ್ತಾರೆ, ಮೋಡ ಓದೋದು ಕಲಿಸುತ್ತಾರೆ.

ಹಾಗಾದರೆ ನೀವು ತೆಗೆಯೋದು ಏನು? ಈ ಕಡೆ ಬಿರುಗಾಳಿಗಳು ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತವೆ. ಮೇ ತಿಂಗಳ ಒಂದು ಸಂಜೆ ಅದು ನಿಮ್ಮ ಮನೆ ದಾಟಿ ಹೋಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾಯಿರಿ, ನಡುವೆ ಇನ್ನೊಂದು ಗುಡುಗಿದರೆ ಮತ್ತೆ ಮೊದಲಿಂದ ಎಣಿಸಿ. ಆಮೇಲೆ ಹಿತ್ತಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ. ನಿಮ್ಮ ಬೆನ್ನಿನ ಹಿಂದೆ ಮುಳುಗುತ್ತಿರೋ ಸೂರ್ಯ, ಮುಂದೆ ಹನ್ನೆರಡು ಕಿಲೋಮೀಟರ್ ಎತ್ತರದ ಮೋಡ, ಕಿತ್ತಳೆ ಬಣ್ಣ ತುಂಬಿಕೊಂಡು. ಲೆನ್ಸ್ ಪೂರ್ತಿ ಅಗಲಕ್ಕಿಟ್ಟು, ಪಕ್ಕದ ಮನೆಯ ಚಾವಣಿಯ ಅಂಚು ಕೆಳಗೆ ಸ್ವಲ್ಪ ಕಾಣುವ ಹಾಗೆ ನಿಲ್ಲಿಸಿ. 5 ಸೆಕೆಂಡಿಗೊಂದು ಚಿತ್ರ, ಅರ್ಧ ಗಂಟೆಗೆ 360 ಚಿತ್ರ, ಓಡಿಸಿದರೆ 12 ಸೆಕೆಂಡಿನ ವಿಡಿಯೊ. ತಾರೀಖು, ಗಂಟೆ, ಯಾವ ದಿಕ್ಕು ಅಂತ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಮುಂದಿನ ಭಾನುವಾರ ತಗೊಂಡು ಬನ್ನಿ, ತರಗತಿಯ ಪರದೆಯ ಮೇಲೆ ಹಾಕಿ ನೋಡೋಣ.