‘ಸರ್ವರ್ ಸ್ಲೋ’ ಅಂತಾರಲ್ಲ, ಒಳಗೆ ಆಗೋದೇನು? ಪಹಣಿಯಿಂದ ಅಂಗಡಿ ಬಿಲ್‌ವರೆಗೆ ಒಂದು ನೋಟ

ಸಿಂಗಟಗೆರೆ: ಪಹಣಿಗೆ ನಾಡಕಚೇರಿಗೆ ಹೋದವರಿಗೆ, ಇ.ಸಿ.ಗೆ ಕಡೂರಿನ ಉಪನೋಂದಣಿ ಕಚೇರಿ ಮೆಟ್ಟಿಲು ಹತ್ತಿದವರಿಗೆ ‘ಸರ್ವರ್ ಸ್ಲೋ ಇದೆ’ ಅನ್ನೋ ಮಾತು ಹೊಸದಲ್ಲ. ಒಂದು ದಿನದ ಕೂಲಿ ಬಿಟ್ಟು ಹೋದವರು ಬರಿಗೈಲಿ ವಾಪಸ್ ಬರಬೇಕಾಗುತ್ತೆ. ಇದಕ್ಕೆ ನೆಟ್‌ವರ್ಕ್ ಒಂದೇ ಕಾರಣ ಅಲ್ಲ. ಎಷ್ಟೋ ಸಲ ತೊಡಕು ಇರೋದು ಮಾಹಿತಿ ಹುಡುಕೋ ರೀತಿಯಲ್ಲಿ.

ಕಂದಾಯ ಇಲಾಖೆ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ತಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 2 ಕೋಟಿ ಸಾಲುಗಳನ್ನು ಮೊದಲಿಂದ ಕೊನೆವರೆಗೆ ಓದ್ತಾ ಕೂತರೆ ಯಾವ ಯಂತ್ರವೂ ಏದುಸಿರು ಬಿಡುತ್ತೆ. ಅದಕ್ಕೇ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಮಾಡೋದು. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಮಧ್ಯಕ್ಕೆ ಹೋಗಿ, ಬೇಕಾದ್ದು ಆ ಕಡೆ ಇದೆಯಾ ಈ ಕಡೆ ಇದೆಯಾ ಅಂತ ನೋಡಿ ಅರ್ಧ ಬಿಡ್ತಾ ಹೋದರೆ 2 ಕೋಟಿಯಲ್ಲಿ ಒಂದು ಸಿಗೋಕೆ ಹೆಚ್ಚೆಂದರೆ 25 ಸಲ ನೋಡಿದರೆ ಸಾಕು.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಒಂದೊಂದಾಗಿ ಕೇಳೋದು ಸತಾಯಿಸೋಕೆ ಅಲ್ಲ. ಚಿಕ್ಕಮಗಳೂರು, ಕಡೂರು, ಸಿಂಗಟಗೆರೆ ಅಂದ ಕೂಡಲೇ ರಾಜ್ಯದ ಮಿಕ್ಕ ದಾಖಲೆಗಳೆಲ್ಲ ಪಕ್ಕಕ್ಕೆ ಸರಿದು ಹೋಗುತ್ತವೆ. ಹೆಸರಲ್ಲಿ ಹುಡುಕಿದರೆ ಈ ಅನುಕೂಲ ಇಲ್ಲ. ಬಸಪ್ಪ ಒಂದು ಕಡೆ ಬಸವಪ್ಪ ಆಗಿರ್ತಾರೆ. ಹೆಸರಿನ ನಡುವಿನ ಅಕ್ಷರ ಮಾತ್ರ ಕೊಟ್ಟರಂತೂ ಇಂಡೆಕ್ಸ್ ಕೆಲಸಕ್ಕೇ ಬರಲ್ಲ, ಮತ್ತೆ ಮೊದಲಿಂದ ಓದಬೇಕು.

ಹುಡುಕಾಟದ ಹೊರೆ ಬೇಕಂತಲೇ ಹೇರಿದರೆ ಏನಾಗುತ್ತೆ ಅನ್ನೋದು ಕಾವೇರಿ 2.0ರಲ್ಲಿ ಕಂಡಿತು. ಆಸ್ತಿ ನೋಂದಣಿಯ ಈ ತಂತ್ರಾಂಶ 2024ರ ಡಿಸೆಂಬರ್‌ನಿಂದ ಪದೇ ಪದೇ ಕೈಕೊಟ್ಟಿತು. 2025ರ ಜನವರಿಯಲ್ಲಿ ಒಮ್ಮೆ 62 ಇಮೇಲ್ ಖಾತೆಗಳಿಂದ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು. ಅಂದರೆ ಸೆಕೆಂಡಿಗೆ ಸುಮಾರು 86. ಇ.ಸಿ. ಹುಡುಕಾಟ ಹಲವು ವರ್ಷಗಳ ವಹಿವಾಟು ಜಾಲಾಡೋ ಭಾರದ ಕೆಲಸ, ದಾಳಿ ಮಾಡಿದವರು ಅದನ್ನೇ ಹಿಡಿದುಕೊಂಡರು. ಪ್ರಕರಣ ಸೈಬರ್ ಪೊಲೀಸರವರೆಗೆ ಹೋಯಿತು. ನಿಜವಾಗಿ ಜಮೀನು ಬರೆಸೋಕೆ ಬಂದವರು ಮಾತ್ರ ಸಾಲಲ್ಲಿ ಕಾಯಬೇಕಾಯ್ತು. ಒಂದು ಖಾತೆ ನಿಮಿಷಕ್ಕೆ ಇಷ್ಟೇ ಸಲ ಕೇಳಬಹುದು ಅಂತ ಮಿತಿ ಹಾಕೋದು ಇಂಥದ್ದಕ್ಕೆ ಮೊದಲ ಮದ್ದು.

ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೂ ಲೆಕ್ಕ ಇದೇ. ಗೊಬ್ಬರದ ಅಂಗಡಿಯಲ್ಲಿ ಸಾಲದ ಗಿರಾಕಿಯನ್ನು ಹೆಸರಿಗಿಂತ ಮೊಬೈಲ್ ನಂಬರ್ ಮೇಲೆ ಬರೆದಿಡೋದು ವಾಸಿ, ಒಬ್ಬರೇ ಮೂರು ಹೆಸರಲ್ಲಿ ಸೇರಿಕೊಳ್ಳಲ್ಲ, ಬಾಕಿ ತಪ್ಪಲ್ಲ. ವರ್ಷದ ರಿಪೋರ್ಟ್ ತೆಗೆಯೋದನ್ನು ಸಂತೆ ದಿನ ಇಟ್ಟುಕೊಳ್ಳಬೇಡಿ, ಅಂಗಡಿ ಮುಚ್ಚಿದ ಮೇಲೆ ಮಾಡಿ. ಹಳೇ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೇ ಕಂಪ್ಯೂಟರೇ ಚುರುಕಾಗುತ್ತೆ. ಬಹಳ ಜನ ಹೊಸದು ಕೊಳ್ಳೋಕೆ ಓಡ್ತಾರೆ.

ಸಾಫ್ಟ್‌ವೇರ್ ಬರೆಯೋ ಊರಿನ ಹುಡುಗರಿಗೆ ಒಂದು ಮಾತು. ಬಿಲ್ಲಿನ 30 ಐಟಂಗೆ 30 ಸಲ ಡೇಟಾಬೇಸ್ ಕೇಳಬೇಡಿ, ಒಂದೇ ಸಲ ಕೇಳಿ ತರಿಸಿಕೊಳ್ಳಿ. ಪ್ರಶ್ನೆ ನಿಧಾನ ಅನಿಸಿದರೆ ಮೈಎಸ್‌ಕ್ಯೂಎಲ್‌ನಲ್ಲಿ ಅದರ ಮುಂದೆ ‘ಎಕ್ಸ್‌ಪ್ಲೇನ್’ ಅಂತ ಹಾಕಿದರೆ ಇಂಡೆಕ್ಸ್ ಬಳಸುತ್ತಾ ಇಲ್ಲವಾ ಅಂತ ಅದೇ ಹೇಳುತ್ತೆ. ಹಾಗಂತ ಎಲ್ಲದಕ್ಕೂ ಇಂಡೆಕ್ಸ್ ಹಾಕಿದರೆ ಪ್ರತಿ ಬಿಲ್ ಉಳಿಸುವಾಗಲೂ ಅವನ್ನೆಲ್ಲ ತಿದ್ದಬೇಕು, ಅಲ್ಲಿ ನಿಧಾನ ಆಗುತ್ತೆ.

ಇನ್ನು ಬ್ಯಾಕಪ್. ಅದೇ ಕಂಪ್ಯೂಟರಿನ ಇನ್ನೊಂದು ಫೋಲ್ಡರಿನಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ, ಡಿಸ್ಕ್ ಸುಟ್ಟರೆ ಎರಡೂ ಹೋಗುತ್ತೆ. ದಿನಾ ಸಂಜೆ ಪೆನ್‌ಡ್ರೈವ್‌ಗೆ ಹಾಕಿ ಮನೆಗೆ ಒಯ್ಯಿರಿ. ಎರಡು ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಹೋದ ವಾರದ ಬಾಕಿ ಪಟ್ಟಿ ಸರಿಯಾಗಿ ಬರುತ್ತಾ ನೋಡಿ.