ತರಗೆಲೆ ರಾಶಿಯಡಿ 11 ಮೊಟ್ಟೆ

ಮಳೆಗೆ ಮೊದಲು ಅಡಿಕೆ ಬುಡಕ್ಕೆ ಹಾಕಲೆಂದು ತೋಟದ ಮೂಲೆಯಲ್ಲಿ ತರಗೆಲೆ ರಾಶಿ ಹಾಕಿದ್ದೆವು. ಕಳೆದ ಮೇ ತಿಂಗಳ ಮಧ್ಯದಲ್ಲಿ ಅದನ್ನು ತೆಗೆಯುವಾಗ ಅಡಿಯಲ್ಲಿ ಬಿಳಿ ಮೊಟ್ಟೆಗಳು. ಚಿಪ್ಪು ಗಟ್ಟಿಯಿಲ್ಲ, ಚರ್ಮದ ಹಾಗೆ. ಎಣಿಸಿದರೆ 11.

"ನಾಗರದ್ದಾದರೆ ಮುಟ್ಟುವುದೇ ಬೇಡಣ್ಣ. ಕೇರೆಯದ್ದಾದರೆ ಬಿಸಾಡುವ" ಎಂದ ಕೆಲಸದವ. ರಾಶಿಯ ಬಳಿ ಕೇರೆ ಓಡಾಡುವುದನ್ನು ನಾನು ಕಂಡಿದ್ದೆ. ಆದರೂ ಬರೇ ಮೊಟ್ಟೆ ನೋಡಿ ಇಂಥದ್ದೇ ಹಾವೆಂದು ಹೇಳುವ ಧೈರ್ಯ ನನಗಿಲ್ಲ. ಅಲ್ಲದೆ, ಕೇರೆಯದ್ದಾದರೆ ಬಿಸಾಡುವುದು ಯಾಕೆ? ಅದಕ್ಕೆ ವಿಷವಿಲ್ಲ. ನನ್ನ ಕೋಕೋ ಕಾಯಿ ಕೊರೆಯುವ ಇಲಿಗಳೇ ಅದರ ಊಟ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಕೇರೆಯ ಮೊಟ್ಟೆ ಹಾಳು ಮಾಡುವುದೂ ಬೇಟೆಯೇ.

ತೆಗೆದ ತರಗೆಲೆಯನ್ನೇ ಪುನಃ ಮುಚ್ಚಿದೆವು. ಮಳೆನೀರು ನಿಲ್ಲದಂತೆ ಸುತ್ತ ಸಣ್ಣ ಕಣಿ, ಮೇಲೆ ನಾಲ್ಕು ಅಡಿಕೆ ಸೋಗೆ. ನಾಯಿಯನ್ನು ಕಟ್ಟಿದೆ. ಆ ವರ್ಷ ಅಷ್ಟು ಬುಡಗಳಿಗೆ ಸೊಪ್ಪು ಕಡಿಮೆಯಾಯಿತು, ಇರಲಿ.

ಒಂದು ತಪ್ಪು ಮಾಡಿದೆ. ಬಿಡಿಯಾಗಿದ್ದ ಒಂದು ಮೊಟ್ಟೆಯನ್ನು ಮಕ್ಕಳಿಗೆ ತೋರಿಸಲು ಕೈಗೆತ್ತಿ, ಮಗುಚಿ ಇಟ್ಟೆ. ಕೋಳಿ ಮೊಟ್ಟೆಯ ಹಾಗಲ್ಲ ಇದು. ಹಾವಿನ ಮೊಟ್ಟೆಯೊಳಗೆ ಭ್ರೂಣ ಮೇಲ್ಬದಿಗೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸಾಯಬಹುದು. ಇದು ಗೊತ್ತಾದದ್ದು ಆಮೇಲೆ.

ಜೂನ್ ಕೊನೆಗೆ ಹೆಂಡತಿ ಕರೆದಳು. ಸೋಗೆಯಡಿಯಿಂದ ಪೆನ್ಸಿಲ್ ದಪ್ಪದ ಮರಿಯೊಂದು ತಲೆ ಹಾಕಿತ್ತು: ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೀರು. ಕೇರೆಯೇ! ವಾರ ಬಿಟ್ಟು ರಾಶಿ ಬಿಡಿಸಿದಾಗ ಸೀಳಿದ ಖಾಲಿ ಚಿಪ್ಪು ಒಂಬತ್ತು. ಒಂದು ಬೂಸ್ಟು ಹಿಡಿದಿತ್ತು. ನಾನು ಮಗುಚಿದ್ದು ಹಾಗೇ ಬತ್ತಿ ಬಿದ್ದಿತ್ತು.