ಬೈಟ್ ಲೆಕ್ಕದಲ್ಲಿ ಗೇಮ್ ಸಂಗೀತ

ಒಂದು ಸೆಕೆಂಡಿನ ಸಿ.ಡಿ. ಸಂಗೀತಕ್ಕೆ 1,76,400 ಬೈಟ್ ಬೇಕು. 1985ರಲ್ಲಿ ನಿಂಟೆಂಡೊ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಚಿತ್ರ, ನಿಯಮ, ಸಂಗೀತ ಎಲ್ಲವೂ ಸೇರಿ 40,960 ಬೈಟ್. ಇಡೀ ಆಟದ ಜಾಗದಲ್ಲಿ ಕಾಲು ಸೆಕೆಂಡಿನ ಸಿ.ಡಿ. ಹಾಡೂ ಹಿಡಿಸುವುದಿಲ್ಲ! ಆ ಆಟಕ್ಕೆ ಕೋಜಿ ಕೊಂಡೊ ಕಟ್ಟಿದ ಧಾಟಿಯನ್ನು, ಆಟದ ಯಂತ್ರದ ವೈರನ್ನು ಟಿ.ವಿ.ಗೆ ಸಿಕ್ಕಿಸಿ, ಗೇಮ್ ಕ್ಯಾಸೆಟ್ ಹಾಕಿ ಆಡಿದ ನಮ್ಮ ಊರುಗಳ ಮಕ್ಕಳೂ ಇವತ್ತಿಗೂ ಗುನುಗುತ್ತಾರೆ.

ಆ ಕ್ಯಾಸೆಟ್‌ನೊಳಗೆ ಹಾಡಿನ ಧ್ವನಿಮುದ್ರಣ ಇರಲಿಲ್ಲ, ಸ್ವರಲಿಪಿ ಇತ್ತು. ಯಾವ ಸ್ವರ, ಎಷ್ಟು ಹೊತ್ತು, ಅಷ್ಟೇ. ಅದನ್ನು ಓದಿ ಆ ಕ್ಷಣಕ್ಕೆ ನುಡಿಸುತ್ತಿದ್ದುದು ಯಂತ್ರದ ಚಿಪ್. ಅದಕ್ಕಿದ್ದದ್ದು ಐದೇ ದನಿ. ಮಾರಿಯೊ ಹಾರಿದಾಗಿನ ಸದ್ದಿಗೂ ಅದರಲ್ಲೇ ಒಂದು ದನಿ ತನ್ನ ಸ್ವರ ಬಿಟ್ಟುಕೊಡಬೇಕು.

ಹಾಗೆ ಆ ಕ್ಷಣಕ್ಕೆ ನುಡಿಸುತ್ತಿದ್ದುದರಿಂದಲೇ ಆ ಸಂಗೀತ ಆಟಗಾರನ ಕಡೆ ಕಣ್ಣಿಟ್ಟಿರುತ್ತಿತ್ತು. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿದ್ದದ್ದು 4 ಸ್ವರ. ಎದುರಿನ 55 ಶತ್ರುಗಳು ಕಡಿಮೆಯಾದಂತೆಲ್ಲ ಆ ನಾಲ್ಕು ಸ್ವರಗಳ ಓಟ ಏರುತ್ತದೆ, ಆಡುವವನ ಎದೆಬಡಿತದ ಹಾಗೆ. ಮಾರಿಯೊಗೆ ಉಳಿದ ಸಮಯದ ಎಣಿಕೆ 100ಕ್ಕೆ ಇಳಿದರೆ ಅವನ ಧಾಟಿಯೂ ದುಡುದುಡು ಓಡುತ್ತದೆ.

1990ರ ಸೂಪರ್ ಫ್ಯಾಮಿಕಾಮ್ ಯಂತ್ರ 8 ದನಿ, ಸದ್ದಿಗೆಂದೇ 64 ಕೆ.ಬಿ. ನೆನಪು ಕೊಟ್ಟಿತು. 1994ರ ಡಿಸೆಂಬರಿನಲ್ಲಿ ಸಿ.ಡಿ.ಯಿಂದ ಆಟ ಓಡಿಸುವ ಪ್ಲೇಸ್ಟೇಷನ್ ಬಂದಾಗ ಲೆಕ್ಕವೇ ಬದಲಾಯಿತು. 650 ಎಂ.ಬಿ.ಯ ಒಂದು ಸಿ.ಡಿ. ಎಂದರೆ ಮಾರಿಯೊನಂಥ 16,640 ಆಟಗಳ ಜಾಗ. ನಿಜವಾದ ಗಿಟಾರು, ನಿಜವಾದ ಕೊರಳು ಆಟದೊಳಗೆ ಬಂದವು. ಆದರೆ ಮುದ್ರಿತ ಹಾಡಿಗೆ ಆಟಗಾರ ಗೆದ್ದನೋ ಸೋತನೋ ಗೊತ್ತಾಗದು. ಅದೇ ತಿಂಗಳು ಬಂದ ‘ರಿಡ್ಜ್ ರೇಸರ್’ ಯಂತ್ರದ ನೆನಪಿಗೆ ಪೂರ್ತಿ ಇಳಿದ ಮೇಲೆ, ಅದರ ಸಿ.ಡಿ. ತೆಗೆದು ನಿಮಗಿಷ್ಟವಾದ ಹಾಡಿನ ಸಿ.ಡಿ. ಹಾಕಿ ಕಾರು ಓಡಿಸಬಹುದಿತ್ತು. ಆ ಕಾಲಕ್ಕೆ ಇದು ಸಂಭ್ರಮದ ಸಂಗತಿ. ನನಗೆ ಅದರಲ್ಲಿ ನಷ್ಟವೇ ಹೆಚ್ಚು ಕಾಣುತ್ತದೆ: ಯಾವ ಹಾಡಾದರೂ ನಡೆಯುತ್ತದೆ ಎಂದಾದರೆ ಸಂಗೀತಕ್ಕೂ ಆಟಕ್ಕೂ ನಂಟು ಕಡಿದಂತೆಯೇ.

ಆ ನಂಟನ್ನು ಮತ್ತೆ ಕಟ್ಟಲು ದುಡಿದವರೂ ಇದ್ದಾರೆ. 2010ರ ‘ರೆಡ್ ಡೆಡ್ ರಿಡೆಂಪ್ಷನ್’ಗೆ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ವಾದ್ಯಗಳನ್ನು ಬೇರೆಬೇರೆಯಾಗಿ ಮುದ್ರಿಸಿದರು. ನಿಮಿಷಕ್ಕೆ 130 ಬಡಿತ, ಎ ಮೈನರ್ ಶ್ರುತಿ, ಇವೆರಡನ್ನು ಮಾತ್ರ ಕದಲಿಸಲಿಲ್ಲ. ಶ್ರುತಿ ಲಯ ಕೂಡಿರುವ ಕಛೇರಿಯಲ್ಲಿ ಮೃದಂಗ ನಿಂತು ಘಟ ಎತ್ತಿಕೊಂಡರೂ ಹೇಗೆ ಏನೂ ಕೆಡದೋ ಹಾಗೆ, ಆಟಗಾರ ಕುದುರೆ ಏರಿದರೆ ಒಂದು ವಾದ್ಯ ಸೇರುತ್ತದೆ, ಗುಂಡು ಹಾರಿದರೆ ಇನ್ನೊಂದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಮೊದಲ ಬಾರಿ ಗೇಮ್ ಸಂಗೀತವೊಂದನ್ನು ಸೇರಿಸಿತು. ಆರಿಸಿದ್ದು ಆ 40,960 ಬೈಟ್‌ಗಳೊಳಗಿನ ಮಾರಿಯೊನ ಧಾಟಿಯನ್ನೇ.